ಮನ್ಯಾಗ ಅದಾರ

ವಿಶ್ರಾಮಬಾಗದಲ್ಲಿ ನಮ್ಮ ಓಣಿಗೆಲ್ಲ ಇಂಟರ್‌ನೆಟ್ ಕೊಡುತ್ತಿದ್ದವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ಪರದೆಯ ಬೆಳಕು ಬಿದ್ದ ಗದ್ದ ಮಾತ್ರ ಉಳಿದಿದೆ, ಅದೂ ಅವನದೇ ಎನ್ನಲಾರೆ. ಎಲ್ಲ ಮನೆಗಳ ರೌಟರುಗಳನ್ನು ಅಂಗಡಿಯಲ್ಲೇ ಕುಳಿತು ನೋಡಿಕೊಳ್ಳಲು ಅವನೊಂದು ಸರಳ ವೆಬ್ ಪುಟ ಕಟ್ಟಿದ್ದ. ಪ್ರತಿ ಮನೆಯ ಕೆಳಗೆ ಅಲ್ಲಿ ಜೋಡಣೆಯಾದ ಫೋನುಗಳು ಕಾಣುತ್ತಿದ್ದವು, ಅಂಕಿಗಳ ಬದಲು ಜನರ ಹೆಸರಿನಲ್ಲಿ. ಯಾರನ್ನು ವಿಚಾರಿಸಿದರೂ ಉಗುರಿನಿಂದ ಪರದೆ ತಟ್ಟಿ, "ಅದಾರ್ರಿ, ಮನ್ಯಾಗ ಅದಾರ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ನಾನು ಅವನ ಅಂಗಡಿಯಲ್ಲಿದ್ದಾಗ ನಮ್ಮ ಮನೆಯ ಹಿಂಬದಿಯ ಅರಿಶಿನ ವ್ಯಾಪಾರಿ ಅಲ್ಲಿಗೆ ಬಂದರು. ಮದುವೆ ಒಲ್ಲೆನೆಂದು ಮಗಳು ಮನೆ ಬಿಟ್ಟಿದ್ದಳು.

"ಅಕಿ ಫೋನ್ ಎಲ್ಲೈತಿ ನೋಡೋ. ಸಿಕ್ಕರ ಕಾಲು ಮುರೀತೀನಿ."

ಅವನು ಪರದೆಯನ್ನು ತನ್ನತ್ತ ತಿರುಗಿಸಿಕೊಂಡು ಏನನ್ನೋ ಒತ್ತಿದ.

"ಎಲ್ಲೂ ಕಾಣವಲ್ದು ಕಾಕಾ."

"ಸುಡ್ಲಿ ನಿನ್ನ ಮಷೀನು!"

ವ್ಯಾಪಾರಿಯ ಸ್ಕೂಟರಿನ ಸದ್ದು ಅಡಗುವವರೆಗೆ ಕಾದು, ನನ್ನ ಕಡೆ ತಿರುಗಿದ.

"ನಿಮ್ಮ ಮನ್ಯಾಗ ಅದಾಳ್ರಿ. ಹೆಸರು ಅಳಿಸೇನಿ. ವೈನಿಗೆ ಹೇಳಿ ಅಕಿ ಫೋನ್ ಬಂದ್ ಮಾಡಸ್ರಿ."

"ಯಾವಾಗಿಂದ?"

"ಮೊನ್ನಿಂದ."

ಮೊನ್ನೆಯೂ ನಿನ್ನೆಯೂ ನಾನು ಆ ಮನೆಯಲ್ಲೇ ಉಂಡು ಮಲಗಿದ್ದೆ. ಅವನು ವೈನಿ ಎಂದ ನನ್ನ ಹೆಂಡತಿ ಎಂದಿನಂತೆ ದೀಪ ಆರಿಸಿದ್ದಳು. ಇನ್ನೊಬ್ಬರ ಉಸಿರು ನನಗೆ ಕೇಳಿಸಿರಲಿಲ್ಲ.