ಬೂಚು ಒರೆಸಿದ ವಲ್ಲಿ

ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆಯಲ್ಲಿ ಅಫಜಲಪುರದ ದವಾಖಾನೆಗೆ ಊರೂರಿನ ಬಾವಿನೀರನ್ನು ಪರೀಕ್ಷೆಗಾಗಿ ಬಾಟಲಿಯಲ್ಲಿ ತರುವುದು ನನ್ನ ಕೆಲಸವಾಗಿತ್ತು. ಕ್ರಿಮಿ ಕಂಡವೆಂದು ಅತನೂರಿನ ಬಾವಿ ಮುಚ್ಚಿಸಿದರು; ಹೆಂಗಸರು ದೂರದ ಹಳ್ಳಕ್ಕೆ ಕೊಡ ಹೊತ್ತರು.

ಎಲ್ಲ ಊರಿನ ನೀರೂ ಕೆಟ್ಟದ್ದೇ ಬಂದಾಗ ಡಾಕ್ಟರ್ ಸಾಹೇಬರಿಗೆ ಸಂಶಯ ಬಂತು. ಕುದಿಸಿ ಆರಿಸಿದ ನೀರು ಕೊಟ್ಟು, "ದಿನಾ ತುಂಬಿದಂಗ ತುಂಬ್ರಿ" ಅಂದರು. ಎಂದಿನಂತೆ ಬಾಟಲಿಯ ಬೂಚನ್ನು, ಬೆವರು ಒರೆಸಿಕೊಳ್ಳುವ ಹೆಗಲ ಮೇಲಿನ ವಲ್ಲಿಯಿಂದ ಚೊಕ್ಕ ಒರೆಸಿ ಹಾಕಿದೆ. ಅದರಲ್ಲೂ ಕ್ರಿಮಿ!

"ಇಷ್ಟ ದಿನಾ ನಿಮ್ಮ ವಲ್ಲಿ ಪರೀಕ್ಷಾ ಮಾಡೀವಲ್ರಿ" ಎಂದು ನಕ್ಕರು.

ಬೂಚನ್ನೂ ಕುದಿಸಿ ಅತನೂರಿನಿಂದ ಮತ್ತೆ ತಂದ ನೀರು ಶುದ್ಧವಿತ್ತು. ಬಾವಿ ತೆರೆಸಲು ನಾನೇ ಹೋದೆ.

"ಬಾವಿ ಯಾವಾಗ ಸ್ವಚ್ಛ ಆತೋ ತಮ್ಮಾ?" ಕೊಡ ಹೊತ್ತ ಮುದುಕಿ ಕೇಳಿದಳು.

"ಬಾವಿ ಕೆಟ್ಟಿದ್ದಿಲ್ಲ ಆಯಿ. ನನ್ನ ವಲ್ಲಿ ಹೊಲಸಿತ್ತು."

"ಹಂಗಾದ್ರ ಅದನ್ನ ಮುಚ್ಚಬೇಕಿತ್ತಲ್ಲೋ!"

ವಲ್ಲಿಯನ್ನು ಹೆಗಲಿನಿಂದಿಳಿಸಿ ಕಂಕುಳಲ್ಲಿ ಅಡಗಿಸಿಕೊಂಡೆ.