ಅವ್ವನ ಮೊಣಕಾಲು

ಪಕ್ಕದ ಮನೆಯವರು ಸಂಜೆ ಲೋಬಾನದ ಧೂಪ ಹಾಕಿದರೆಂದರೆ ನಾನು ಎದ್ದು ಕಿಟಕಿ ಮುಚ್ಚುವವಳು. ಹೊಗೆಗೆ ಕೆಮ್ಮು ಬರುತ್ತದೆಂಬುದು ನೆಪ. ಆ ವಾಸನೆಗೆ ಶಿಗ್ಗಾವಿಯ ಒಂದು ಭಾನುವಾರ ನೆನಪಾಗಿ ಅವ್ವ ಬೇಕೆನಿಸುತ್ತಾಳೆ. ಈ ವಯಸ್ಸಿನಲ್ಲಿ ಅವ್ವ ಬೇಕೆಂದು ಯಾರ ಮುಂದೆ ಹೇಳಲಿ, ನೀವೇ ಹೇಳಿ.

ನಾವು ಹಾನಗಲ್ಲಿನ ಪ್ರೊಟೆಸ್ಟಂಟರು. ನಮ್ಮ ಪ್ರಾರ್ಥನೆಯೆಂದರೆ ಕುಳಿತಲ್ಲೇ ತಲೆ ಬಗ್ಗಿಸಿ ಕಣ್ಣು ಮುಚ್ಚುವುದು. ಕೊನೆಯ 'ಆಮೆನ್' ಕೇಳುವ ತನಕ ತೆರೆಯುವಂತಿಲ್ಲ. ಸಭೆಯ ಹಿರಿಯರಾಗಿದ್ದ ಅಪ್ಪ ಅಷ್ಟರಲ್ಲಿ ಒಂದು ನಿದ್ದೆ ಮುಗಿಸುತ್ತಿದ್ದರೆಂಬುದು ನನ್ನ ಗುಮಾನಿ. ಅಂಥವರ ಹಿರಿಮಗಳು, ನನ್ನ ಅಕ್ಕ ಸುವಾರ್ತಾ, ಶಿಗ್ಗಾವಿಯ ಕ್ಯಾಥೊಲಿಕ್ ಮಾಸ್ತರನನ್ನು ಮದುವೆಯಾದಳು. ಅಪ್ಪ ಅವಳ ಹೆಸರೆತ್ತುವುದನ್ನೇ ಬಿಟ್ಟರು. ಅವಳ ಕೂಸು ಅಂಬೆಗಾಲಿಡುತ್ತಿದೆ ಎಂಬ ಸುದ್ದಿ ಬಂದಾಗ ಅವ್ವ ಊಟ ಬಿಟ್ಟು ಕುಳಿತಳು. ಕಡೆಗೆ ಅಪ್ಪ ಸೋತರು.

"ಹೋಗಿ ಬಾ. ಆದ್ರ ಅವರ ಮೂರ್ತಿ ಮುಂದ ಮೊಣಕಾಲೂರಿ ಬಂದ್ಯೋ, ಆಕಿನ್ನ ಮನಿಗೆ ಕರಿಯೂ ಮಾತು ಮತ್ತ ತಗೀಬ್ಯಾಡ."

"ಊರಂಗಿಲ್ಲರಿ," ಎಂದಳು ಅವ್ವ.

ಯುದ್ಧದ ಕಾಲ, ಇದ್ದಿಲಿನಿಂದ ಓಡುವ ಮೋಟಾರಿನಲ್ಲಿ ಅವ್ವನೂ ನಾನೂ ಶಿಗ್ಗಾವಿ ತಲುಪುವಷ್ಟರಲ್ಲಿ ಅಕ್ಕನ ಮನೆಗೆ ಬೀಗ. ಪೂಜೆಗೆ ಹೋಗಿದ್ದರು. ನಾವೂ ಅವರ ಚರ್ಚಿಗೇ ನಡೆದೆವು. ಬಾಗಿಲಲ್ಲೇ ಧೂಪದ ಹೊಗೆ. "ಹುಲಗೂರ ದರ್ಗಾಕ್ಕ ಬಂದಂಗಾತು," ಎಂದು ಪಿಸುಗುಟ್ಟಿ ಅವ್ವ ಅಕ್ಕನ ಹಿಂದೆ ಚಾಪೆಯ ಮೇಲೆ ಕುಳಿತಳು. ಪಾದ್ರಿಗಳ ಲ್ಯಾಟಿನ್ ಕಿವಿಗೆ ಬಿದ್ದದ್ದೇ ತಡ, ನಮ್ಮ ರೂಢಿಯಂತೆ ಕಣ್ಣು ಮುಚ್ಚಿದಳು. ಅವರ ಪ್ರಾರ್ಥನೆ ಎಲ್ಲಿ ಮುಗಿಯುತ್ತದೋ ನಮಗೇನು ಗೊತ್ತು? ಅವ್ವ ಕಣ್ಣು ತೆರೆಯಲೇ ಇಲ್ಲ. ಜನ ಏಳುತ್ತಿದ್ದರು, ಮೊಣಕಾಲೂರುತ್ತಿದ್ದರು. ನಾನು ಪ್ರತಿ ಸಲವೂ ಅರ್ಧಕ್ಕೆ ಎದ್ದು, ತಪ್ಪಾಯಿತೆಂದು ಕುಳಿತುಬಿಡುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ತೊಡೆಯಿಂದ ಜಾರಿದ ಕೂಸು ಅವ್ವನ ಸೆರಗು ಜಗ್ಗಿತು. ಅವ್ವ ಕಣ್ಣು ತೆರೆದಳು. ಮೊಮ್ಮಗಳ ಮುಖ ಕಂಡದ್ದು ಅದೇ ಮೊದಲು. ಅವಳು ಕೈ ಚಾಚುವ ಮೊದಲೇ ಕೂಸು ಮೂರ್ತಿಯ ಮುಂದಿನ ಮೇಣದ ಬತ್ತಿಗಳತ್ತ ಅಂಬೆಗಾಲಲ್ಲಿ ಹೊರಟಿತು. ಅವ್ವನೂ ಅದರ ಹಿಂದೆಯೇ, ಮೊಣಕಾಲ ಮೇಲೆ, ಸಾಲು ದಾಟಿ. ಅದನ್ನು ಹಿಡಿದು ಎದೆಗವಚಿಕೊಳ್ಳುವುದಕ್ಕೂ ಗಂಟೆ ಬಾರಿಸಿ ಸಭೆಯೆಲ್ಲ ತಲೆಬಾಗುವುದಕ್ಕೂ ಸರಿಹೋಯಿತು. ಎಲ್ಲರಿಗಿಂತ ಮುಂದೆ, ಮೂರ್ತಿಯ ಎದುರಿಗೇ, ಮೊಣಕಾಲೂರಿದ್ದವಳು ನಮ್ಮವ್ವ. ಅಕ್ಕ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಅಪ್ಪನ ಮಾತು ನೆನಪಾಗಿ ನನಗೆ ಮಾತ್ರ ನಗು ಬರಲಿಲ್ಲ.

ಮನೆಗೆ ಬಂದೊಡನೆ ಅಪ್ಪ ಕೇಳಿದರು, "ಮೊಣಕಾಲೂರಿದ್ಯೇನು?"

ಅವ್ವನಿಗೆ ಸುಳ್ಳು ಬಾರದು. "ಊರಿದೆರಿ. ಕೂಸಿನ ಸಲುವಾಗಿ ಊರಿದೆ. ಆಮ್ಯಾಲೆ ನನ್ನ ತೊಡಿಮ್ಯಾಲ ಪ್ರಾರ್ಥನಿ ಮುಗಿಯೂತನಾ ನಿದ್ದಿ ಮಾಡ್ತು. ಥೇಟ್ ನಿಮ್ಮಂಗ ಐತಿ."

ಅಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ತೆಗೆದು, ಮತ್ತೆ ಒರೆಸಿದರು.

"ಸುವಾರ್ತಾಗ ಬರಾಕ ಹೇಳು," ಎಂದರು.

ಅಕ್ಕನ ಹೆಸರು ಅವರ ಬಾಯಲ್ಲಿ ಕೇಳಿ ಎಷ್ಟು ದಿನವಾಗಿತ್ತು.

ಇವತ್ತೂ ಲೋಬಾನದ ಹೊಗೆ ಒಳಗೆ ಬಂತು. ಕಿಟಕಿಯ ತನಕ ಹೋದವಳು ಮುಚ್ಚದೆ ಹಿಂತಿರುಗಿದೆ. ಮೊಣಕಾಲೂರುವ ಶಕ್ತಿ ನನಗೀಗ ಇಲ್ಲ. ಕುರ್ಚಿಯಲ್ಲೇ ಕುಳಿತು ಪ್ರಾರ್ಥಿಸಿದೆ, ನಮ್ಮ ರೂಢಿ ಬಿಟ್ಟು, ಕಣ್ಣು ತೆರೆದುಕೊಂಡೇ.