ಅವ್ವನ ಬಾಯೊಳಗಿನ ಬಿಳಿ ಗೆರೆಗಳು

ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು ಒಂದು ತುತ್ತು ಬಾಯಿಗೆ ಇಟ್ಟುಕೊಂಡಳಷ್ಟೇ. ಅವ್ವನ ಕಣ್ಣಲ್ಲಿ ನೀರು ಬಂತು. ತಾಟು ಸರಿಸಿದಳು. ಬಾಯಿ ತೆರೆಸಿ ನೋಡಿದೆ. ಎರಡೂ ಕೆನ್ನೆಯ ಒಳಗೆ ಬಲೆ ಹೆಣೆದಂತೆ ಬಿಳಿ ಗೆರೆಗಳು, ನಡುವೆ ಕೆಂಪು ಹುಣ್ಣು.

ತಂಬಾಕು.

ಶಹಾಪುರದಲ್ಲಿ ಮಾಸ್ತರಿಕೆ ಮಾಡುವ ನಾನು ವರ್ಷ ವರ್ಷ ಮಕ್ಕಳ ಮುಂದೆ ತಂಬಾಕಿನ ವಿರುದ್ಧ ಭಾಷಣ ಬಿಗಿಯುವವನು. ಬಸ್ ಸ್ಟ್ಯಾಂಡಿನ ಗೋಡೆಗೆ ಉಗುಳುವವರನ್ನು ಮನುಷ್ಯರ ಸಾಲಿಗೇ ಸೇರಿಸಿದವನಲ್ಲ. ಭತ್ತ ನಾಟಿಗೆ ಹೋದಾಗ ಹೆಂಗಸರ ಜೊತೆ ಬದುವಿನ ಮೇಲೆ ಕುಳಿತು ಅವ್ವ ಕದ್ದು ತಿಂದಿದ್ದಾಳೆಂದು ತೀರ್ಮಾನಿಸಿದೆ.

"ನಾ ತಂಬಾಕ ಮುಟ್ಟಿಲ್ಲೋ."

"ಸುಳ್ಳ ಹೇಳಬ್ಯಾಡ ಯವ್ವಾ."

ಸೊಂಟಕ್ಕೆ ಸಿಕ್ಕಿಸಿದ್ದ ಅವಳ ಬಟ್ಟೆಯ ಚಂಚಿಯನ್ನು ಕಿತ್ತುಕೊಂಡು ಮನೆ ಹಿಂದಿನ ಕಾಲುವೆಗೆ ಎಸೆದೆ. ಬಿಚ್ಚಿ ಕೂಡ ನೋಡಲಿಲ್ಲ. ಅದರಲ್ಲಿ ಬಾಯಿನೋವಿಗೆ ಇಟ್ಟುಕೊಂಡ ಲವಂಗವಷ್ಟೇ ಇತ್ತೆಂದು ಪಕ್ಕದ ಮನೆಯ ಶರಣಮ್ಮ ಆಮೇಲೆ ಹೇಳಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಡುವ ಮೊದಲೇ ನಾನು ಡಾಕ್ಟರಿಗೆ ಹೇಳಿದೆ, "ತಂಬಾಕ ತಿಂತಾಳ್ರಿ." ಕೆನ್ನೆಯಿಂದ ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ ಮತ್ತೆ ಅವ್ವನನ್ನು ಕರೆದುಕೊಂಡು ಹೋದೆ.

"ಕ್ಯಾನ್ಸರ್ ಅಲ್ರಿ," ಅಂದರು ಡಾಕ್ಟರು. "ಓರಲ್ ಲೈಕನ್ ಪ್ಲಾನಸ್. ಮೈ ಕಾಯಬೇಕಾದ ಟಿ-ಸೆಲ್‌ಗಳು ಇವರ ಬಾಯಿ ಚರ್ಮನ್ನ ವೈರಿ ಅಂತ ತಿಳದು ಕೊಲ್ಲಾಕತ್ತಾವ. ತಂಬಾಕಿನ ಗುರುತೇ ಇಲ್ಲ."

"ಯಾಕ್ರಿ ಹಂಗ?"

"ಅದು ನಮಗೂ ಪೂರಾ ಗೊತ್ತಿಲ್ರಿ."

ಕಾವಲಿಗೆ ನಿಂತು ಮನೆಯವರನ್ನೇ ಹೊಡೆಯುವ ಆ ಕೋಶಗಳ ಮೂರ್ಖತನಕ್ಕೆ ಥೂ ಅನ್ನಿಸಿತು. ಪಕ್ಕಕ್ಕೆ ತಿರುಗಿದರೆ ಅವ್ವ ನನ್ನನ್ನೇ ನೋಡುತ್ತಿದ್ದಳು. ನನಗಿಂತ ಅವೇ ವಾಸಿ, ಭಾಷಣವನ್ನಾದರೂ ಬಿಗಿಯುವುದಿಲ್ಲ. ಆಗ ನನ್ನ ಮೇಲೆ ಬಂದಷ್ಟು ಹೇಸಿಕೆ ನನಗೆ ಬೇರೆ ಯಾರ ಮೇಲೂ ಬಂದಿರಲಿಲ್ಲ.

"ಕಾಗದ ಬರೂತನಕ ನನ್ನ ಮಾತು ನಿನಗ ಮಾತಾಗಲಿಲ್ಲ," ಅಂದಳು.

ಈ ರೋಗ ಪೂರ್ತಿ ಹೋಗುವುದಿಲ್ಲವಂತೆ. ಅಡಗುತ್ತದೆ, ಮತ್ತೆ ಏಳುತ್ತದೆ. ಖಾರ ಬಂದ್. ದಿನಕ್ಕೆ ಮೂರು ಸಲ ಕೆನ್ನೆಯೊಳಗೆ ಸ್ಟೀರಾಯ್ಡ್ ಮುಲಾಮು ಹಚ್ಚಬೇಕು. ಅವಳ ಕೈ ನಡುಗುತ್ತದೆ, ಯಾರಾದರೂ ಹಚ್ಚಬೇಕು. ಶರಣಮ್ಮ ಹಚ್ಚುತ್ತಿದ್ದಳು. ನಾನು ಹತ್ತಿರ ಹೋದರೆ ಅವ್ವ ತುಟಿ ಬಿಗಿಯುತ್ತಿದ್ದಳು. ತಪ್ಪಾಯಿತು ಅಂದೆ. ಹೂಂ ಅಂದಳು, ತುಟಿ ಬಿಚ್ಚಲಿಲ್ಲ.

ಹೋದ ವಾರ ಶರಣಮ್ಮ ಸುರಪುರಕ್ಕೆ ಮಗಳ ಮನೆಗೆ ಹೋದಳು. ಮುಲಾಮಿನ ಟ್ಯೂಬ್ ಹಿಡಿದು ನಿಂತೆ. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮೊದಲ ಕೈ ತೊಳಕೊಂಡು ಬಾ."

ತೊಳೆದುಕೊಂಡು ಬಂದೆ. ಬಾಯಿ ತೆರೆದಳು.